ಹವ್ಯಾಸಿ ದೂರದರ್ಶಕದಲ್ಲಿ ಗೆಲಾಕ್ಸಿ ಛಾಯಾಗ್ರಹಣ

ನಮ್ಮ ಆಕಾಶಗಂಗೆಯ ಆಚೆಗಿರುವ ಗೆಲಾಕ್ಸಿಗಳ ಮಸುಕು ಬೆಳಕನ್ನು ಗಂಟೆಗಟ್ಟಲೆ ಕ್ಯಾಮೆರಾದಲ್ಲಿ ಕೂಡಿಹಾಕಿ, ಆಮೇಲೆ ಕಂಪ್ಯೂಟರಿನಲ್ಲಿ ಸಂಸ್ಕರಿಸಿ ಚಿತ್ರವಾಗಿಸುವುದು ಹವ್ಯಾಸಿ ಖಗೋಳ ವೀಕ್ಷಣೆಯಲ್ಲಿ ಬಹಳ ತಾಳ್ಮೆ ಬೇಡುವ ಕವಲು. ಶಟರ್ ಒತ್ತುವುದು ಇಲ್ಲಿ ಕೆಲಸದ ತೀರ ಸಣ್ಣ ಪಾಲು. ಪತ್ರಿಕೆಯಲ್ಲಿ ಅಚ್ಚಾದ ಆಂಡ್ರೊಮೀಡಾ ಗೆಲಾಕ್ಸಿಯ ಚಿತ್ರಕ್ಕೆ ಮರುಳಾಗಿ ದೂರದರ್ಶಕ ಕೊಂಡವರಿಗೆ ಮೊದಲ ರಾತ್ರಿ ಐಪೀಸಿನಲ್ಲಿ ಕಾಣುವುದು ಬೂದು ಬಣ್ಣದ ಒಂದು ಮಬ್ಬು ಮಚ್ಚೆ ಅಷ್ಟೆ. ಅದು ದೂರದರ್ಶಕದ ದೋಷವಲ್ಲ. ಕಣ್ಣು ತನ್ನ ಮೇಲೆ ಬಿದ್ದ ಬೆಳಕನ್ನು ಸೆಕೆಂಡಿನ ಒಂದಂಶದಷ್ಟು ಹೊತ್ತು ಹಿಡಿದಿಟ್ಟು ಬಿಟ್ಟುಬಿಡುತ್ತದೆ, ಕ್ಯಾಮೆರಾ ಬೆಳಗಿನ ಜಾವದವರೆಗೂ ಕೂಡಿಸುತ್ತಲೇ ಇರುತ್ತದೆ. ಸಾಲದ್ದಕ್ಕೆ, ಅಷ್ಟು ಮಂದ ಬೆಳಕಿನಲ್ಲಿ ಕಣ್ಣಿಗೆ ಬಣ್ಣವೂ ಗೊತ್ತಾಗುವುದಿಲ್ಲ.

ಈ ವಿದ್ಯೆಯನ್ನು ಬೆಳೆಸಿದವರೇ ಹವ್ಯಾಸಿಗಳು. ಇಂಗ್ಲೆಂಡಿನ ಆಂಡ್ರೂ ಐನ್‌ಸ್ಲಿ ಕಾಮನ್ ವೃತ್ತಿಯಲ್ಲಿ ನೈರ್ಮಲ್ಯ ಎಂಜಿನಿಯರ್. ಲಂಡನ್ ಬಳಿಯ ಈಲಿಂಗ್‌ನಲ್ಲಿ ಅವರು 36 ಇಂಚಿನ ಕನ್ನಡಿಯ ದೂರದರ್ಶಕ ನಿಲ್ಲಿಸಿ, 1883ರ ಜನವರಿಯಲ್ಲಿ ಒರಾಯನ್ ನೀಹಾರಿಕೆಯ ಚಿತ್ರ ತೆಗೆದರು. ಅದೇ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೆ ಕಾಣದ ನಕ್ಷತ್ರಗಳು ಗಾಜಿನ ಪ್ಲೇಟಿನ ಮೇಲೆ ಮೂಡಿದ್ದವು. ಲಿವರ್‌ಪೂಲ್‌ನ ಕಟ್ಟಡ ಉದ್ಯಮಿ ಐಸಾಕ್ ರಾಬರ್ಟ್ಸ್ ಅದೇ ಜಾಡಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. 1888ರ ಡಿಸೆಂಬರ್ ಕೊನೆಯ ಒಂದು ರಾತ್ರಿ ತಮ್ಮ 20 ಇಂಚಿನ ದೂರದರ್ಶಕವನ್ನು ನಾಲ್ಕು ಗಂಟೆ ಕಾಲ ಆಂಡ್ರೊಮೀಡಾ ‘ನೀಹಾರಿಕೆ’ಯತ್ತಲೇ ನೆಟ್ಟು ತೆಗೆದ ಚಿತ್ರದಲ್ಲಿ ಅದರ ಸುರುಳಿ ರಚನೆ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡಿತು. ತಾವು ಕಂಡದ್ದು ಹುಟ್ಟುತ್ತಿರುವ ಒಂದು ಹೊಸ ಸೌರವ್ಯೂಹ ಎಂದೇ ರಾಬರ್ಟ್ಸ್ ನಂಬಿದ್ದರು. ಅದು ನಮ್ಮ ಆಕಾಶಗಂಗೆಯಂಥದ್ದೇ ಇನ್ನೊಂದು ನಕ್ಷತ್ರಲೋಕ ಎಂದು ಖಚಿತವಾಗಲು ಎಡ್ವಿನ್ ಹಬಲ್ 1923ರಲ್ಲಿ ಮೌಂಟ್ ವಿಲ್ಸನ್‌ನ 100 ಇಂಚಿನ ದೂರದರ್ಶಕದಲ್ಲಿ ಅದರೊಳಗೆ ದೂರ ಅಳೆಯಲು ನೆರವಾಗುವ ಸೆಫೀಡ್ ಬಗೆಯ ಒಂದು ನಕ್ಷತ್ರವನ್ನು ಗುರುತಿಸಬೇಕಾಯಿತು. ಇವತ್ತಿನ ಲೆಕ್ಕದಲ್ಲಿ ಆಂಡ್ರೊಮೀಡಾ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ.

ರಾಬರ್ಟ್ಸ್ ಬಳಿ ಇದ್ದದ್ದು ದೊಡ್ಡ ಕನ್ನಡಿ ಮಾತ್ರವಲ್ಲ, ಒಂದೇ ವಸ್ತುವಿನ ಮೇಲೆ ನಾಲ್ಕು ಗಂಟೆ ಸುರಿಯುವ ಪುರುಸೊತ್ತು. ಹವ್ಯಾಸಿಯ ಬಂಡವಾಳ ಇಂದಿಗೂ ಅದೇ. ವೃತ್ತಿಪರ ವೀಕ್ಷಣಾಲಯಗಳಲ್ಲಿ ಸಮಯವನ್ನು ಅರ್ಜಿ ಹಾಕಿ, ಸಮಿತಿಯ ಮುಂದೆ ವಾದಿಸಿ ಪಡೆಯಬೇಕು. ಮನೆಯ ತಾರಸಿಯ ಮೇಲಿನ ದೂರದರ್ಶಕಕ್ಕೆ ಆ ತಾಪತ್ರಯವಿಲ್ಲ.

ಗೆಲಾಕ್ಸಿಗಳು ತೀರ ಚಿಕ್ಕವು, ಅದಕ್ಕೇ ಚಿತ್ರ ತೆಗೆಯುವುದು ಕಷ್ಟ ಎಂಬ ತಿಳಿವಳಿಕೆ ಅರ್ಧ ಮಾತ್ರ ನಿಜ. ಆಂಡ್ರೊಮೀಡಾ ಆಕಾಶದಲ್ಲಿ ಸುಮಾರು ಮೂರು ಡಿಗ್ರಿ ಉದ್ದ ಹರಡಿಕೊಂಡಿದೆ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಸಪ್ತರ್ಷಿ ಮಂಡಲದ ಎಂ101 ಗೆಲಾಕ್ಸಿ ಹೆಚ್ಚುಕಡಿಮೆ ಚಂದ್ರನಷ್ಟೇ ಅಗಲ. ಕಷ್ಟ ಇರುವುದು ಅವುಗಳ ಬೆಳಕಿನ ತೆಳುತನದಲ್ಲಿ. ಒಳ್ಳೆಯ ಕತ್ತಲಿನ ಊರಿನಲ್ಲಿ ಆಕಾಶದ ಹಿನ್ನೆಲೆ ಪ್ರತಿ ಚದರ ಆರ್ಕ್‌ಸೆಕೆಂಡಿಗೆ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ ಅತಿ ಸಣ್ಣ ಅಂಶ) 22ನೇ ಕಾಂತಿಮಾನದ ಹತ್ತಿರ ಇರುತ್ತದೆ, ದೊಡ್ಡ ನಗರದ ನಡುವೆ 18ರ ಆಸುಪಾಸು. ಕಾಂತಿಮಾನದ ಅಂಕಿ ಇಳಿದಷ್ಟೂ ಬೆಳಕು ಹೆಚ್ಚು, ನಾಲ್ಕು ಅಂಕಿಯ ಈ ಅಂತರವೆಂದರೆ ನಗರದ ಆಕಾಶ ಸುಮಾರು 40 ಪಟ್ಟು ಬೆಳಗಿರುತ್ತದೆ. ಸುರುಳಿ ತೋಳುಗಳ ತುದಿಯಂಥ ಮಸುಕು ಭಾಗಗಳ ಲೆಕ್ಕದಲ್ಲಿ ಹೇಳುವುದಾದರೆ, ಕತ್ತಲ ಹಳ್ಳಿಯ ಒಂದು ಗಂಟೆಗೆ ನಗರದ 40 ಗಂಟೆ ಸಮ. ಅಮೆರಿಕದ ಹವ್ಯಾಸಿ ಜಾನ್ ಬಾರ್ಟಲ್ 2001ರಲ್ಲಿ ಆಕಾಶದ ಕತ್ತಲನ್ನು ಒಂಬತ್ತು ದರ್ಜೆಗಳಾಗಿ ವಿಂಗಡಿಸಿದರು. ಅಪ್ಪಟ ಕತ್ತಲು ಒಂದು, ಮಹಾನಗರ ಒಂಬತ್ತು.

ಹಾಗಾದರೆ ಫಿಲ್ಟರ್ ಹಾಕಿದರಾಯಿತಲ್ಲ? ನೀಹಾರಿಕೆಗಳ ವಿಷಯದಲ್ಲಿ ಅದು ಸರಿ. ಅವು ಜಲಜನಕ, ಆಮ್ಲಜನಕಗಳ ಕೆಲವೇ ನಿರ್ದಿಷ್ಟ ತರಂಗಾಂತರಗಳಲ್ಲಿ ಬೆಳಗುವುದರಿಂದ ಉಳಿದದ್ದನ್ನೆಲ್ಲ ತಡೆದು ನಗರದಿಂದಲೂ ಚಿತ್ರ ತೆಗೆಯಬಹುದು. ಗೆಲಾಕ್ಸಿ ಹಾಗಲ್ಲ, ಅದರದು ಕೋಟ್ಯಂತರ ನಕ್ಷತ್ರಗಳ ಬೆಳಕು, ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ. ಬೀದಿಯ ಬಿಳಿ ಎಲ್‌ಇಡಿ ದೀಪವೂ ಹಾಗೆಯೇ. ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವ ಗಾಜು ಇಲ್ಲ. ಹಳೆಯ ಸೋಡಿಯಂ ದೀಪಗಳ ಕಾಲದಲ್ಲಿ ಸ್ವಲ್ಪ ಅನುಕೂಲವಿತ್ತು, ಈಗ ಅದೂ ಹೋಗುತ್ತಿದೆ. ಫಿಲ್ಟರಿಗೆ ವೆಚ್ಚ ಮಾಡುವ ಹಣದಲ್ಲಿ ಬಸ್ಸಿನ ಟಿಕೆಟ್ ಕೊಂಡು ಊರಾಚೆ ಹೋಗುವುದು ಲಾಭ. ಇದಕ್ಕೆ ಒಂದು ವಿನಾಯಿತಿ ಜಲಜನಕದ ಕೆಂಪು ಬೆಳಕನ್ನಷ್ಟೇ ಬಿಡುವ ಹೈಡ್ರೋಜನ್ ಆಲ್ಫಾ ಫಿಲ್ಟರ್. ಎಂ82 ಗೆಲಾಕ್ಸಿಯ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಚಿಮ್ಮುವ ಕೆಂಪು ಅನಿಲದ ಎಳೆಗಳು, ಎಂ33ರ ತೋಳುಗಳಲ್ಲಿರುವ ನಕ್ಷತ್ರ ಹುಟ್ಟುವ ತಾಣಗಳು ಅದರಲ್ಲಿ ಎದ್ದು ಕಾಣುತ್ತವೆ.

ಯಾವ ದೂರದರ್ಶಕ ಎಂಬುದನ್ನು ಗುರಿಯೇ ನಿರ್ಧರಿಸುತ್ತದೆ. ಆಂಡ್ರೊಮೀಡಾಕ್ಕೆ 400 ಮಿಲಿಮೀಟರ್ ನಾಭಿದೂರದ ಪುಟ್ಟ ಮಸೂರ ದೂರದರ್ಶಕ ಸಾಕು, ಅದಕ್ಕಿಂತ ಉದ್ದವಾದರೆ ಗೆಲಾಕ್ಸಿಯೇ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ. ಎಂ51 ಅಥವಾ ಸಾಂಬ್ರೆರೊ ಎನ್ನಿಸಿಕೊಳ್ಳುವ ಎಂ104ಕ್ಕೆ ಸಾವಿರ ಮಿಲಿಮೀಟರಾದರೂ ಬೇಕು. ಪಿಕ್ಸೆಲಿನ ಮೈಕ್ರಾನ್ ಅಳತೆಯನ್ನು 206ರಿಂದ ಗುಣಿಸಿ ನಾಭಿದೂರದ ಮಿಲಿಮೀಟರುಗಳಿಂದ ಭಾಗಿಸಿದರೆ ಒಂದೊಂದು ಪಿಕ್ಸೆಲ್ ಆಕಾಶದ ಎಷ್ಟು ಆರ್ಕ್‌ಸೆಕೆಂಡನ್ನು ನೋಡುತ್ತದೆ ಎಂಬುದು ಸಿಗುತ್ತದೆ. ಈಗಿನ ಅನೇಕ ಕ್ಯಾಮೆರಾಗಳ 3.76 ಮೈಕ್ರಾನ್ ಪಿಕ್ಸೆಲಿಗೆ ಅದು 400 ಮಿಲಿಮೀಟರಿನಲ್ಲಿ 1.9, ಸಾವಿರದಲ್ಲಿ 0.8. ಸಾಧಾರಣ ರಾತ್ರಿಯಲ್ಲಿ ಗಾಳಿಯ ಅಲುಗಾಟವೇ ನಕ್ಷತ್ರವನ್ನು ಎರಡು ಮೂರು ಆರ್ಕ್‌ಸೆಕೆಂಡಿನಷ್ಟು ಹಿಗ್ಗಿಸಿರುತ್ತದೆ. ಆದ್ದರಿಂದ ನಾಭಿದೂರವನ್ನು ಮತ್ತೂ ಉದ್ದ ಮಾಡಿ ಸಿಗುವುದು ಹೆಚ್ಚಿನ ವಿವರವಲ್ಲ, ದೊಡ್ಡದಾದ ಮಸುಕು.

ಆದರೆ ಅನುಭವಿಗಳನ್ನು ಕೇಳಿದರೆ ಮೊದಲು ಹಣ ಹಾಕಬೇಕಾದ್ದು ದೂರದರ್ಶಕಕ್ಕಲ್ಲ, ಅದನ್ನು ಹೊರುವ ಮೌಂಟ್‌ಗೆ ಎನ್ನುತ್ತಾರೆ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್‌ಸೆಕೆಂಡಿನಂತೆ ಜಾರುತ್ತವೆ. ಮೂರು ನಿಮಿಷದ ಎಕ್ಸ್‌ಪೋಷರಿನಲ್ಲಿ ಆ ಜಾರುವಿಕೆಯನ್ನು ಒಂದೆರಡು ಆರ್ಕ್‌ಸೆಕೆಂಡಿನೊಳಗೆ ತಡೆದು ನಿಲ್ಲಿಸಬೇಕು. ಹಲ್ಲುಚಕ್ರಗಳ ಸಣ್ಣಪುಟ್ಟ ದೋಷವನ್ನು ಸರಿದೂಗಿಸಲು ಪಕ್ಕದಲ್ಲೇ ಒಂದು ಚಿಕ್ಕ ಗೈಡ್ ದೂರದರ್ಶಕ, ಅದಕ್ಕೊಂದು ಕ್ಯಾಮೆರಾ. ಅದು ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು, ಚೂರು ಸರಿದರೂ ಮೋಟಾರಿಗೆ ತಿದ್ದುಪಡಿ ಕಳಿಸುತ್ತಿರುತ್ತದೆ. ಪಿಎಚ್‌ಡಿ2 ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಮೌಂಟಿನ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಯುರೋಪಿನವರಿಗೆ ಧ್ರುವ ನಕ್ಷತ್ರ ಅರ್ಧ ಆಕಾಶದ ಎತ್ತರದಲ್ಲಿದ್ದರೆ ಬೆಂಗಳೂರಿನಲ್ಲಿ ಅದರ ಎತ್ತರ ಕೇವಲ 13 ಡಿಗ್ರಿ. ಅದು ತೆಂಗಿನ ಮರದ ಹಿಂದೆ, ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಅಥವಾ ದಿಗಂತದ ದೂಳಿನಲ್ಲಿ ಮರೆಯಾಗಿರುತ್ತದೆ. ಮೌಂಟನ್ನು ಅಷ್ಟು ಬಗ್ಗಿಸಿದಾಗ ಸಮತೂಕದ ಕಂಬಿ ಕಾಲಿಗೆ ತಾಗುವ ಪಡಿಪಾಟಲು ಬೇರೆ. ಈಗ ಮೌಂಟನ್ನು ಈ ಅಕ್ಷದ ಸುತ್ತ ತಿರುಗಿಸುತ್ತ ಮೂರು ಚಿತ್ರ ತೆಗೆದರೆ, ಅವುಗಳಲ್ಲಿನ ನಕ್ಷತ್ರಗಳನ್ನು ಗುರುತಿಸಿ ಅಕ್ಷ ಎಷ್ಟು ತಪ್ಪಿದೆ ಎಂದು ಲೆಕ್ಕ ಹೇಳುವ ತಂತ್ರಾಂಶ ಬಂದಿದೆ. ಧ್ರುವ ನಕ್ಷತ್ರ ಕಾಣಲೇಬೇಕೆಂಬ ಹಂಗು ತಪ್ಪಿದೆ.

ಅದೇ ಅಕ್ಷಾಂಶ ಇನ್ನೊಂದು ಕಡೆಯಿಂದ ಕೈಹಿಡಿಯುತ್ತದೆ. ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ ಕನ್ಯಾ ಗೆಲಾಕ್ಸಿ ಗುಚ್ಛ ಮಾರ್ಚ್ ಕೊನೆಯ ನಡುರಾತ್ರಿಗಳಲ್ಲಿ ದಕ್ಷಿಣ ಕರ್ನಾಟಕದ ನೆತ್ತಿಯ ಮೇಲೇ ಹಾದುಹೋಗುತ್ತದೆ. ಮಾರ್ಕೇರಿಯನ್ ಸರಪಳಿ ಎಂಬ ಗೆಲಾಕ್ಸಿ ಸಾಲಿನ ಎಂ84, ಎಂ86 ಬೆಂಗಳೂರಿನ ನೇರ ಮೇಲೆ, ಮೊದಲ ಬಾರಿಗೆ ಕಪ್ಪುಕುಳಿಯ ನೆರಳಿನ ಚಿತ್ರ ಸಿಕ್ಕ ಎಂ87 ಮೈಸೂರಿನ ನೇರ ಮೇಲೆ. ಸಿಂಹ ರಾಶಿಯ ಪ್ರಸಿದ್ಧ ಮೂವರು, ಎಂ65, ಎಂ66, ಎನ್‌ಜಿಸಿ 3628, ಇವೂ ಅಷ್ಟೇ. ನೆತ್ತಿಯ ಮೇಲೆ ಗಾಳಿಯ ಪದರ ಎಲ್ಲಕ್ಕಿಂತ ತೆಳು, ಚಿತ್ರ ಎಲ್ಲಕ್ಕಿಂತ ಸ್ಪಷ್ಟ. ದಕ್ಷಿಣದಲ್ಲಿ ಲಂಡನ್ನಿನವರಿಗೆ ಕಾಣಲೇ ಸಿಗದ ಸೆಂಟಾರಸ್ ಎ ಗೆಲಾಕ್ಸಿ ಇಲ್ಲಿ 30 ಡಿಗ್ರಿಗೂ ಮೇಲೆ ಏರುತ್ತದೆ. ಜೂನ್‌ನಿಂದ ಮಳೆಗಾಲ, ಬಾಗಿಲು ಬಂದ್. ಆಂಡ್ರೊಮೀಡಾ ಮತ್ತೆ ಅಕ್ಟೋಬರ್ ಕಳೆದು ಆಕಾಶ ತಿಳಿಯಾದ ಮೇಲೆ.

ಕ್ಯಾಮೆರಾದ ಕಥೆ ಚಿಕ್ಕದು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ, ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಿಸಿಡಿ ಚಿಪ್ ಗಾಜಿನ ಪ್ಲೇಟನ್ನೂ ಫಿಲ್ಮನ್ನೂ ಮೂಲೆಗೆ ತಳ್ಳಿತು. ಅದಕ್ಕೆ 2009ರಲ್ಲಿ ನೊಬೆಲ್ ಬಹುಮಾನ ಬಂತು. ಈಗ ಹವ್ಯಾಸಿಗಳ ಕೈಯಲ್ಲಿ ಸಿಮಾಸ್ ಎಂಬ ಇನ್ನೊಂದು ಬಗೆಯ ಚಿಪ್ಪಿನ ಕ್ಯಾಮೆರಾಗಳದೇ ಕಾರುಬಾರು. ಖಗೋಳಕ್ಕೆಂದೇ ತಯಾರಾದವುಗಳಲ್ಲಿ ಸೆನ್ಸರನ್ನು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ತಣ್ಣಗಿಡುವ ವ್ಯವಸ್ಥೆ ಇರುತ್ತದೆ. ಸೆನ್ಸರ್ ಆರೇಳು ಡಿಗ್ರಿ ಬಿಸಿಯಾದಂತೆಲ್ಲ ಅದರೊಳಗೆ ತಾನಾಗಿ ಹುಟ್ಟುವ ಸುಳ್ಳು ಸಂಕೇತ ದುಪ್ಪಟ್ಟಾಗುತ್ತದೆ. ನಮ್ಮ ಏಪ್ರಿಲ್ ರಾತ್ರಿಗಳಲ್ಲಿ ಸಾಮಾನ್ಯ ಡಿಎಸ್‌ಎಲ್‌ಆರ್ ಎಷ್ಟು ಒದ್ದಾಡುತ್ತದೆ ಎಂಬುದನ್ನು ಇದರಿಂದ ಊಹಿಸಬಹುದು.

ಒಂದು ರಾತ್ರಿಯ ಕೆಲಸ ಸಂಜೆಯೇ ಶುರು. ಸೂರ್ಯ ಮುಳುಗಿ ಆಕಾಶ ಇನ್ನೂ ಬೆಳ್ಳಗಿರುವಾಗ ದೂರದರ್ಶಕದ ಬಾಯಿಗೆ ಬಿಳಿ ಬಟ್ಟೆ ಬಿಗಿದು ‘ಫ್ಲಾಟ್’ ಚಿತ್ರಗಳನ್ನು ತೆಗೆದುಕೊಳ್ಳಬೇಕು. ಫಿಲ್ಟರಿನ ಮೇಲೆ ಕುಳಿತ ದೂಳಿನ ಕಣ ಅಂತಿಮ ಚಿತ್ರದಲ್ಲಿ ಉದ್ದಿನವಡೆಯಂತೆ ನಡುವೆ ತೂತಿರುವ ಕಪ್ಪು ಬಳೆಯಾಗಿ ಕಾಣುತ್ತದೆ, ಫ್ಲಾಟ್ ಇದ್ದರೆ ಅದನ್ನೂ ಮೂಲೆಗಳ ಕತ್ತಲನ್ನೂ ಭಾಗಿಸಿ ತೆಗೆದುಹಾಕಬಹುದು. ಕತ್ತಲಾದ ಮೇಲೆ ಫೋಕಸ್. ರಷ್ಯಾದ ಹವ್ಯಾಸಿ ಪಾವೆಲ್ ಬಾಹ್ತಿನೋವ್ ಕಂಡುಹಿಡಿದ ಸೀಳುಸೀಳಿನ ಮುಚ್ಚಳವನ್ನು ಮುಂದಿಟ್ಟರೆ ಪ್ರಕಾಶಮಾನ ನಕ್ಷತ್ರದ ಸುತ್ತ ಮೂರು ಗೆರೆ ಮೂಡುತ್ತವೆ. ನಡುವಿನ ಗೆರೆ ಉಳಿದೆರಡರ ಮಧ್ಯಕ್ಕೆ ಸರಿಯಾಗಿ ಬಂದರೆ ಫೋಕಸ್ ಕೂತಿತು ಎಂದರ್ಥ. ರಾತ್ರಿ ತಂಪಾಗುತ್ತ ಕೊಳವೆ ಕುಗ್ಗುವುದರಿಂದ ಇದನ್ನು ಮತ್ತೆ ಮತ್ತೆ ನೋಡಬೇಕು. ಕೊಡಗು, ಚಿಕ್ಕಮಗಳೂರಿನ ಕಡೆ ಮಸೂರದ ಮೇಲೆ ಇಬ್ಬನಿ ಕೂರದಂತೆ ಬಿಸಿಪಟ್ಟಿ ಸುತ್ತದಿದ್ದರೆ ನಡುರಾತ್ರಿಯ ಹೊತ್ತಿಗೆ ಆಟ ಮುಗಿದಂತೆ. ಗುರಿ ಮಧ್ಯಾಹ್ನರೇಖೆ ದಾಟುವಾಗ ಮೌಂಟ್ ಪೂರ್ತಿ ಮಗ್ಗುಲು ಬದಲಿಸಬೇಕು. ನೆತ್ತಿಯ ಮೇಲಿನ ಗೆಲಾಕ್ಸಿಯಾದರೆ ಆ ಕ್ಷಣದಲ್ಲಿ ಕ್ಯಾಮೆರಾ ಮುಕ್ಕಾಲಿಗೆ ಬಡಿಯುವ ಭಯ, ಅದಕ್ಕೇ ಬಹಳ ಮಂದಿ ಅದೊಂದು ಗಳಿಗೆಗೆ ಎಚ್ಚರವಿದ್ದು ಪಕ್ಕದಲ್ಲೇ ನಿಂತಿರುತ್ತಾರೆ.

ನಾಲ್ಕು ಗಂಟೆಯ ಒಂದೇ ಎಕ್ಸ್‌ಪೋಷರ್ ಈಗ ಯಾರೂ ಕೊಡುವುದಿಲ್ಲ. ಮೂರು ನಿಮಿಷದ ಎಂಬತ್ತು ಚಿತ್ರ ತೆಗೆದು ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯುತ್ತಾರೆ. ಇದಕ್ಕೆ ಸ್ಟ್ಯಾಕಿಂಗ್ ಎಂದು ಹೆಸರು. ಗೆಲಾಕ್ಸಿಯ ಬೆಳಕು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿರುತ್ತದೆ, ಗೊಂದಲದ ಚುಕ್ಕೆಗಳು ಮನಬಂದಲ್ಲಿ ಬೀಳುತ್ತವೆ. ಸರಾಸರಿಯಲ್ಲಿ ಮೊದಲನೆಯದು ಉಳಿದು ಎರಡನೆಯದು ಕರಗುತ್ತದೆ. ಆದರೆ ಲಾಭ ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟೇ: ಗುಣಮಟ್ಟ ಎರಡು ಪಟ್ಟಾಗಲು ನಾಲ್ಕು ಪಟ್ಟು ಹೊತ್ತು ಬೇಕು, ಮೂರು ಪಟ್ಟಾಗಲು ಒಂಬತ್ತು ಪಟ್ಟು. ಒಂದೇ ಗೆಲಾಕ್ಸಿಗೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹವ್ಯಾಸಿಗಳು ಮರಳುವುದು ಈ ಗಣಿತದ ದೆಸೆಯಿಂದ. ಉಪಗ್ರಹಗಳ ಗೆರೆಗಳೂ ಸ್ಟ್ಯಾಕಿಂಗ್‌ನಲ್ಲೇ ಮಾಯವಾಗುತ್ತವೆ. ಎಂಬತ್ತರಲ್ಲಿ ಒಂದು ಚಿತ್ರದಲ್ಲಿ ಮಾತ್ರ ಒಂದು ಪಿಕ್ಸೆಲ್ ವಿಪರೀತ ಬೆಳಗಿದ್ದರೆ ಅದನ್ನು ಲೆಕ್ಕದಿಂದ ಕೈಬಿಡುವುದು ತಂತ್ರಾಂಶಕ್ಕೆ ಗೊತ್ತು. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಉಚಿತವಾಗಿ ಸಿಗುತ್ತವೆ. ಪಿಕ್ಸ್‌ಇನ್‌ಸೈಟ್‌ಗೆ ದುಡ್ಡು ಕೊಡಬೇಕು, ಕಲಿಯುವುದೂ ಸುಲಭವಲ್ಲ.

ಸ್ಟ್ಯಾಕ್ ಮಾಡಿದ ಚಿತ್ರವನ್ನು ತೆರೆದರೆ ಪರದೆ ಹೆಚ್ಚುಕಡಿಮೆ ಕಪ್ಪು. ಮಾಹಿತಿ ಎಲ್ಲ ಇದೆ, ಆದರೆ ಕಪ್ಪಿನ ಅಂಚಿನ ಕಿರಿದಾದ ಪಟ್ಟಿಯಲ್ಲಿ ಅದುಮಿಕೊಂಡಿದೆ. ಮೊದಲು ನಗರದ ಬೆಳಕಿನಿಂದ ಒಂದು ಮೂಲೆಯಿಂದ ಇನ್ನೊಂದಕ್ಕೆ ಹಬ್ಬಿದ ಹಿನ್ನೆಲೆಯನ್ನು ಕಳೆಯಬೇಕು. ಆಮೇಲೆ ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ಬಣ್ಣಕ್ಕೆ ತಾಳೆ ಹಾಕಿ ಬಣ್ಣ ಸರಿಪಡಿಸುವುದು. ನಂತರ ‘ಸ್ಟ್ರೆಚ್’, ಅಂದರೆ ಮಂದ ಭಾಗಗಳನ್ನು ಹೆಚ್ಚು, ಬೆಳಗುವ ಭಾಗಗಳನ್ನು ಕಡಿಮೆ ಎತ್ತುವುದು. ಆಂಡ್ರೊಮೀಡಾದಲ್ಲಿ ಇದರ ಕಷ್ಟ ಚೆನ್ನಾಗಿ ಗೊತ್ತಾಗುತ್ತದೆ. ಹೊರಗಿನ ತೋಳು ಕಾಣುವಷ್ಟು ಎತ್ತಿದರೆ ನಡುಭಾಗ ಸುಟ್ಟ ಬಿಳಿ ಉಂಡೆಯಾಗುತ್ತದೆ, ನಡುಭಾಗದ ದೂಳಿನ ಎಳೆಗಳನ್ನು ಉಳಿಸಿಕೊಂಡರೆ ತೋಳುಗಳು ಮುಳುಗುತ್ತವೆ. ನಕ್ಷತ್ರಗಳನ್ನು ಬೇರ್ಪಡಿಸಿ, ಗೆಲಾಕ್ಸಿಯನ್ನಷ್ಟೇ ಸಂಸ್ಕರಿಸಿ, ಮತ್ತೆ ಸೇರಿಸುವ ಪದ್ಧತಿ ಈಗ ಸಾಮಾನ್ಯವಾಗಿದೆ.

ಎಲ್ಲಿ ನಿಲ್ಲಿಸಬೇಕು ಎಂಬುದೇ ಇಲ್ಲಿನ ನಿಜವಾದ ಪರೀಕ್ಷೆ. ಮಸುಕನ್ನು ತಿದ್ದುವ ರಿಚರ್ಡ್‌ಸನ್–ಲೂಸಿ ಗಣಿತ 1970ರ ದಶಕದ್ದು, ಅತಿಯಾಗಿ ಬಳಸಿದರೆ ನಕ್ಷತ್ರಗಳ ಸುತ್ತ ಕಪ್ಪು ಬಳೆ ಎದ್ದು ತಪ್ಪು ತಾನೇ ಬಯಲಾಗುತ್ತಿತ್ತು. ಕೃತಕ ಬುದ್ಧಿಮತ್ತೆಯ ಹೊಸ ಸಾಧನಗಳು ತಪ್ಪನ್ನೂ ಚೆಂದವಾಗಿಯೇ ಮಾಡುತ್ತವೆ. ಇಲ್ಲದ ದೂಳಿನ ಗೆರೆ ಇದ್ದಂತೆ ಕಂಡರೆ ಮೂಲ ದತ್ತಾಂಶಕ್ಕೆ ಹೋಲಿಸದ ಹೊರತು ಗೊತ್ತಾಗುವುದಿಲ್ಲ. ಮಸುಕು ರಚನೆಗಳ ವಿಷಯದಲ್ಲಿ ಎಷ್ಟು ಎಚ್ಚರ ಬೇಕು ಎಂಬುದಕ್ಕೆ ಎನ್‌ಜಿಸಿ 5907 ಒಳ್ಳೆಯ ಉದಾಹರಣೆ. ಡೇವಿಡ್ ಮಾರ್ಟಿನೆಜ್-ಡೆಲ್ಗಾಡೊ ಎಂಬ ವೃತ್ತಿಪರ ಖಗೋಳಜ್ಞ ಮತ್ತು ಅಮೆರಿಕದ ಹವ್ಯಾಸಿ ಜೇ ಗಬಾನಿ ಮತ್ತಿತರರು 2008ರಲ್ಲಿ ಪ್ರಕಟಿಸಿದ ಅದರ ಚಿತ್ರದಲ್ಲಿ, ದೊಡ್ಡ ಗೆಲಾಕ್ಸಿ ನುಂಗಿದ ಕುಬ್ಜ ಗೆಲಾಕ್ಸಿಯ ನಕ್ಷತ್ರಗಳು ಎರಡು ಸುತ್ತಾಗಿ ಹರಡಿಕೊಂಡದ್ದು ಕಂಡಿತು. ಅದು ಜಗತ್ಪ್ರಸಿದ್ಧವಾಯಿತು. 2019ರಲ್ಲಿ ಪ್ರಕಟವಾದ ಡ್ರ್ಯಾಗನ್‌ಫ್ಲೈ ದೂರದರ್ಶಕದ ಚಿತ್ರದಲ್ಲಿ ಒಂದು ಧಾರೆ ಮಾತ್ರ ಇತ್ತು, ಎರಡನೆಯ ಸುತ್ತು ಸಿಗಲಿಲ್ಲ. ತಮಾಷೆಯೆಂದರೆ ಡ್ರ್ಯಾಗನ್‌ಫ್ಲೈ ಅಂಗಡಿಯಲ್ಲಿ ಸಿಗುವ ಕ್ಯಾನನ್ 400 ಮಿಲಿಮೀಟರ್ ಲೆನ್ಸುಗಳ ಗೊಂಚಲು. ಕ್ರೀಡಾ ಛಾಯಾಗ್ರಾಹಕರ ಲೆನ್ಸು ದೊಡ್ಡ ಕನ್ನಡಿಗಳಿಗೆ ಪಾಠ ಹೇಳಿತು.

ಹಾಗೆಂದು ಹವ್ಯಾಸಿಗಳ ಕೊಡುಗೆಯನ್ನು ಹಗುರವಾಗಿ ಕಾಣುವಂತಿಲ್ಲ. ಅರ್ಜೆಂಟೀನಾದ ರೊಸಾರಿಯೊದಲ್ಲಿ ಬೀಗ ರಿಪೇರಿ ಮಾಡುವ ವಿಕ್ಟರ್ ಬುಸೊ 2016ರ ಸೆಪ್ಟೆಂಬರ್ 20ರಂದು ತಮ್ಮ ಹೊಸ ಕ್ಯಾಮೆರಾವನ್ನು ಪರೀಕ್ಷಿಸಲು ಎನ್‌ಜಿಸಿ 613ರ ಸಣ್ಣ ಸಣ್ಣ ಎಕ್ಸ್‌ಪೋಷರುಗಳನ್ನು ತೆಗೆಯುತ್ತಿದ್ದರು. ಮೊದಲ ಚಿತ್ರಗಳಲ್ಲಿ ಇಲ್ಲದ ಚುಕ್ಕೆಯೊಂದು ಆಮೇಲಿನವುಗಳಲ್ಲಿ ಬೆಳಗುತ್ತ ಹೋಯಿತು. ಸಿಡಿಯುವ ನಕ್ಷತ್ರದ ಆಘಾತ ತರಂಗ ಮೇಲ್ಮೈ ಒಡೆದು ಹೊರಬರುವ ಕ್ಷಣ ಅವರ ಕ್ಯಾಮೆರಾಕ್ಕೆ ಸಿಕ್ಕಿತ್ತು. 2018ರಲ್ಲಿ ‘ನೇಚರ್’ ಪತ್ರಿಕೆ ಅದನ್ನು ಪ್ರಕಟಿಸಿತು. 2023ರ ಮೇ 19ರಂದು ಜಪಾನಿನ ಕೊಇಚಿ ಇತಗಾಕಿ ಎಂ101ರಲ್ಲಿ ಸೂಪರ್‌ನೋವಾ ಕಂಡಾಗ ಜಗತ್ತಿನ ದೂರದರ್ಶಕಗಳೆಲ್ಲ ಅತ್ತ ತಿರುಗಿದವು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸಂಶೋಧಕರು ಲಡಾಖಿನ ಹಾನ್ಲೆಯಲ್ಲಿರುವ, ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕದಿಂದಲೂ ಆಸ್ಟ್ರೋಸ್ಯಾಟ್ ಉಪಗ್ರಹದಿಂದಲೂ ಅದನ್ನು ಅಧ್ಯಯನ ಮಾಡಿದರು.

ಇವೆಲ್ಲಕ್ಕಿಂತ ಅಚ್ಚರಿಯದು ಆಂಡ್ರೊಮೀಡಾದ್ದು. ರಾಬರ್ಟ್ಸ್ ಕಾಲದಿಂದ ಅದರಷ್ಟು ಚಿತ್ರಕ್ಕೆ ಸಿಕ್ಕ ಗೆಲಾಕ್ಸಿ ಇನ್ನೊಂದಿಲ್ಲ. ಆದರೂ 2022ರಲ್ಲಿ ಯಾನ್ ಸೆಂಟಿ, ಗ್ಸಾವಿಯೆ ಸ್ಟ್ರಾಟ್ನರ್, ಮಾರ್ಸೆಲ್ ಡ್ರೆಕ್ಸ್ಲರ್ ಎಂಬ ಹವ್ಯಾಸಿಗಳು ಆಮ್ಲಜನಕದ ಫಿಲ್ಟರನ್ನೂ ಬಳಸಿ, ಅಂಗೈ ಅಗಲದ ಮಸೂರದ ದೂರದರ್ಶಕದಿಂದ ಒಟ್ಟು ನೂರು ಗಂಟೆಗೂ ಮೀರಿ ಬೆಳಕು ಕೂಡಿಸಿದಾಗ ಗೆಲಾಕ್ಸಿಯ ಪಕ್ಕದಲ್ಲೇ ಯಾರೂ ಕಂಡಿರದ ದೊಡ್ಡ ನೀಲಿ ಕಮಾನೊಂದು ಹೊರಬಿತ್ತು. ಅದು ಆಂಡ್ರೊಮೀಡಾದ ಬಳಿ ಇದೆಯೋ ನಮ್ಮ ಆಕಾಶಗಂಗೆಯೊಳಗೇ ಇದ್ದು ಹಾಗೆ ಕಾಣುತ್ತದೆಯೋ ಎಂಬ ಚರ್ಚೆ ಆಮೇಲೆ ಶುರುವಾಯಿತು. ಅಷ್ಟು ಅಗಲದ ಆಕಾಶವನ್ನು ಆ ಒಂದು ಬಣ್ಣದಲ್ಲಿ ಅಷ್ಟು ಹೊತ್ತು ನೋಡುವ ಪುರುಸೊತ್ತು ದೊಡ್ಡ ವೀಕ್ಷಣಾಲಯಗಳಿಗೆ ಇರಲಿಲ್ಲ, ಅಷ್ಟೆ.

ಹೊಸಬರಿಗೆ ಈಗ ದಾರಿ ಸಲೀಸಾಗಿದೆ. 2023ರಲ್ಲಿ ಬಂದ ಸೀಸ್ಟಾರ್ ಎಸ್50ರಂಥ ಚೀಲದಲ್ಲಿ ಹಿಡಿಯುವ ಸ್ಮಾರ್ಟ್ ದೂರದರ್ಶಕಗಳು ಗುರಿ ಹುಡುಕುವುದರಿಂದ ಸ್ಟ್ಯಾಕಿಂಗ್‌ವರೆಗೆ ಎಲ್ಲವನ್ನೂ ತಾವೇ ಮಾಡುತ್ತವೆ. ಮಸೂರ 50 ಮಿಲಿಮೀಟರ್ ಮಾತ್ರ, ಆದರೂ ಎಂ51ರ ಸುರುಳಿ ಮೊಬೈಲ್ ಪರದೆಯ ಮೇಲೆ ಮೂಡುತ್ತದೆ. ಬೆಂಗಳೂರಿನಲ್ಲಿ ಹವ್ಯಾಸಿ ಖಗೋಳ ಸಂಘಗಳಿವೆ, ಕೊಳ್ಳುವ ಮುನ್ನ ಅವರೊಂದಿಗೆ ಒಂದು ರಾತ್ರಿ ಕಳೆಯುವುದು ಒಳಿತು. ಅಪ್ಪಟ ಕತ್ತಲು ಬೇಕೆನ್ನುವವರಿಗೆ 2022ರಲ್ಲಿ ಕತ್ತಲಾಕಾಶ ಮೀಸಲು ಪ್ರದೇಶವೆಂದು ಘೋಷಿತವಾದ ಹಾನ್ಲೆ ಇದೆ.

ಚಿತ್ರ ಸಿದ್ಧವಾದ ಮೇಲೂ ಮೂಲ ಫೈಲುಗಳನ್ನು, ತಾರೀಖು ಮತ್ತು ಹೊತ್ತಿನ ವಿವರಗಳ ಸಮೇತ, ಅಳಿಸದೆ ಇಟ್ಟುಕೊಳ್ಳಬೇಕು. ಇಟಲಿಯ ಹವ್ಯಾಸಿ ಜುಸೆಪ್ಪೆ ದೊನಾತಿಯೆಲ್ಲೊ 127 ಮಿಲಿಮೀಟರಿನ ದೂರದರ್ಶಕದಿಂದ 2010 ಮತ್ತು 2013ರಲ್ಲಿ ತೆಗೆದಿಟ್ಟಿದ್ದ ಚಿತ್ರಗಳನ್ನು 2016ರಲ್ಲಿ ಮತ್ತೆ ನೋಡಿದಾಗ ಅದರಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಕುಬ್ಜ ಗೆಲಾಕ್ಸಿ ಇತ್ತು. ಅದಕ್ಕೀಗ ಅವರದೇ ಹೆಸರು.